ಮೂಗುಬೊಟ್ಟು, ಕ್ಯಾಪು ಮತ್ತು ಒಂದು ಕಪ್ಪು ಗೆರೆ

ಕಳೆದ ತಿಂಗಳು ಮದ್ದೂರು ಕಡೆಯ ಒಬ್ಬ ಹೆಂಗಸು ಮಗನ ಜೊತೆ ಮೈಸೂರಿನ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಕೈಯಲ್ಲಿ ಬೇರೆಲ್ಲೋ ತೆಗೆಸಿದ್ದ, ಹಲ್ಲು-ದವಡೆಯ ಮೂರು ಆಯಾಮದ ಎಕ್ಸ್-ರೇ ಅಂದರೆ ಸಿಬಿಸಿಟಿ ಸ್ಕ್ಯಾನಿನ ಸಿ.ಡಿ. ‘ಬೇರು ಸೀಳಿದೆ, ಹಲ್ಲು ಕೀಳಿಸ್ಬೇಕು ಅಂದ್ರು ಡಾಕ್ಟ್ರೇ. ನೀವೂ ಒಂದ್ಸಲ ನೋಡಿಬಿಡಿ’ ಅಂದರು.

ರೂಟ್ ಕೆನಾಲ್ ಆಗಿ ಲೋಹದ ಕ್ಯಾಪ್ ಕೂತಿದ್ದ ದವಡೆ ಹಲ್ಲು ಅದು. ಬೇರಿನ ಮೇಲೆ ಕಪ್ಪು ಗೆರೆ ಇದ್ದದ್ದು ನಿಜ. ಆದರೆ ಅದೇ ಗೆರೆ ಬೇರನ್ನು ದಾಟಿ, ಮೂಳೆಯನ್ನೂ ದಾಟಿ, ಪಕ್ಕದ ಹಲ್ಲಿನವರೆಗೂ ನೇರವಾಗಿ ಹೋಗಿತ್ತು. ಒಂದು ಹಲ್ಲಿನ ಬಿರುಕು ಪಕ್ಕದ ಮನೆಗೆ ಹೋಗುವುದಿಲ್ಲ, ಅಲ್ವಾ? ಇದು ಲೋಹದ ನೆರಳು.

ಈ ನೆರಳು ಬೀಳುವುದು ಹೇಗೆ? ಸಿಬಿಸಿಟಿ ಯಂತ್ರ ತಲೆಯ ಸುತ್ತ ತಿರುಗುತ್ತಾ ನೂರಾರು ಎಕ್ಸ್-ರೇ ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಯಂತ್ರದಿಂದ ಹೊರಡುವ ಕಿರಣಗಳೆಲ್ಲ ಒಂದೇ ಶಕ್ತಿಯವಲ್ಲ, ಬಲವಾದವೂ ದುರ್ಬಲವಾದವೂ ಬೆರೆತಿರುತ್ತವೆ. ದಸರಾ ದಿನ ಕೆ.ಆರ್. ಸರ್ಕಲ್ಲಿನ ನೂಕುನುಗ್ಗಲು ನೆನಪು ಮಾಡಿಕೊಳ್ಳಿ. ಮಕ್ಕಳು, ಮುದುಕರು ಒಳಗೇ ಸಿಕ್ಕಿಕೊಳ್ಳುತ್ತಾರೆ. ಆ ಕಡೆ ದಾಟುವವರು ಗಟ್ಟಿಮುಟ್ಟಾದವರೇ. ದಾಟಿ ಬಂದವರನ್ನಷ್ಟೇ ನೋಡಿದವನಿಗೆ ಮೈಸೂರಲ್ಲಿ ಎಲ್ಲರೂ ಗರಡಿ ಪೈಲ್ವಾನರೇ ಅನ್ನಿಸಬಹುದು. ಲೋಹವೂ ಹೀಗೇ ದುರ್ಬಲ ಕಿರಣಗಳನ್ನು ನುಂಗಿ, ಬಲವಾದವನ್ನು ಬಿಡುತ್ತದೆ. ಅವಕ್ಕೆ ಮುಂದಿನ ಮೂಳೆ ಲೆಕ್ಕಕ್ಕೇ ಇಲ್ಲ. ‘ಇಷ್ಟು ಸಲೀಸಾಗಿ ಬಂದಿವೆ ಅಂದರೆ ದಾರಿಯಲ್ಲಿ ಏನೂ ಇರಲಿಲ್ಲ’ ಅಂತ ಕಂಪ್ಯೂಟರ್ ಅಲ್ಲಿ ಕಪ್ಪು ಬಳಿದುಬಿಡುತ್ತದೆ. ಲೋಹ ತೀರಾ ದಪ್ಪ ಇದ್ದರೆ ಕಿರಣ ದಾಟುವುದೇ ಇಲ್ಲ. ಆಗ ಲೆಕ್ಕ ತಪ್ಪಿ ಬಿಳಿ ಗೀರುಗಳು ನಕ್ಷತ್ರದ ಹಾಗೆ ಹರಡುತ್ತವೆ.

ಎಲ್ಲ ಲೋಹವೂ ಒಂದೇ ಥರ ಕಾಟ ಕೊಡುವುದಿಲ್ಲ. ಪರಮಾಣು ಸಂಖ್ಯೆ ದೊಡ್ಡದಾದಷ್ಟೂ ಕಿರಣ ನುಂಗುವುದು ಜಾಸ್ತಿ. ಮೂಳೆಯ ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20. ಮೂಳೆಯಲ್ಲಿ ಕೂರಿಸುವ ಕೃತಕ ಬೇರಿನ, ಅಂದರೆ ಇಂಪ್ಲಾಂಟಿನ ಟೈಟಾನಿಯಂದು 22. ಹಾಗಾಗಿ ಅದರ ಉಪದ್ರವ ಸ್ವಲ್ಪ ಕಡಿಮೆ. ಹಳೇ ಬೆಳ್ಳಿ ಫಿಲ್ಲಿಂಗಿನಲ್ಲಿ ಬೆಳ್ಳಿ 47, ಪಾದರಸ 80. ಚಿನ್ನ 79. ‘ನನ್ನದು ಲೋಹ ಅಲ್ಲ, ಬಿಳಿ ಜಿರ್ಕೋನಿಯಾ ಕ್ಯಾಪು’ ಅಂತ ತುಂಬಾ ಜನ ನೆಮ್ಮದಿಯಿಂದ ಹೇಳುತ್ತಾರೆ. ಅದರಲ್ಲಿರುವ ಜಿರ್ಕೋನಿಯಂ 40! ಟೈಟಾನಿಯಂಗಿಂತ ಜಾಸ್ತಿ ನೆರಳು ಬೀಳಿಸುತ್ತದೆ. ರೂಟ್ ಕೆನಾಲಿಗೆ ತುಂಬುವ ಗಟ್ಟಾಪರ್ಚಾದಲ್ಲೂ ಸತು, ಬೇರಿಯಂ ಇರುತ್ತವೆ. ಅಂದರೆ ಬಿರುಕು ಹುಡುಕಬೇಕಾದ ಬೇರಿನೊಳಗೇ ನೆರಳಿನ ಮೂಲ ಕೂತಿರುತ್ತದೆ. ನಮ್ಮ ಕೆಲಸದ ದೊಡ್ಡ ತಲೆನೋವು ಇದು.

ಬಿದ್ದ ನೆರಳನ್ನು ಅಳಿಸುವುದಕ್ಕಿಂತ ಬೀಳದ ಹಾಗೆ ನೋಡಿಕೊಳ್ಳುವುದು ಸುಲಭ. ತೆಗೆದಿಡುವಂಥ ಹಲ್ಲಿನ ಸೆಟ್ಟು, ಕನ್ನಡಕ, ಓಲೆ, ಕತ್ತಿನ ಸರ ಎಲ್ಲ ಪಕ್ಕಕ್ಕೆ. ಮೂಗುಬೊಟ್ಟಿನದೇ ಬೇರೆ ಕಥೆ. ಮದುವೆಯಾದಾಗಿನಿಂದ ತೆಗೆದೇ ಇರುವುದಿಲ್ಲ, ತಿರುಪು ಬಿಗಿದುಕೊಂಡಿರುತ್ತದೆ. ಮೇಲಿನ ಮುಂದಿನ ಹಲ್ಲುಗಳ ಸ್ಕ್ಯಾನಿಗೆ ಅದು ನಿಜಕ್ಕೂ ಅಡ್ಡ. ಅಂಥವರನ್ನು ಅಶೋಕ ರಸ್ತೆಯ ಅಕ್ಕಸಾಲಿಗರ ಹತ್ತಿರ ಕಳಿಸಿ, ಬಿಚ್ಚಿಸಿಕೊಂಡು ಬಂದ ಮೇಲೆ ಸ್ಕ್ಯಾನ್ ಮಾಡಿದ್ದೂ ಉಂಟು. ಕೆಳಗಿನ ಹಲ್ಲಿನದಾದರೆ ಸುಮ್ನೆ ಯಾಕೆ ಬಲವಂತ, ಇರಲಿ ಬಿಡಿ ಅನ್ನುತ್ತೇನೆ.

ಒಂದು ಹಲ್ಲು ನೋಡಬೇಕಾದಾಗ ಇಡೀ ದವಡೆಯ ಸ್ಕ್ಯಾನ್ ಬೇಡ. ನಾಲ್ಕೈದು ಸೆಂಟಿಮೀಟರಿನ ಚೌಕಟ್ಟು ಸಾಕು. ದೂರದ ಕ್ಯಾಪುಗಳು ಚೌಕಟ್ಟಿನ ಹೊರಗೆ ಉಳಿಯುತ್ತವೆ. ಅವುಗಳ ಕಾಟ ಪೂರ್ತಿ ಹೋಗುವುದಿಲ್ಲ, ತಗ್ಗುತ್ತದೆ. ವಿಕಿರಣವೂ ಕಡಿಮೆ. ನೆರಳು ಹರಡುವುದು ಹೆಚ್ಚಾಗಿ ಲೋಹ ಇರುವ ಮಟ್ಟದಲ್ಲೇ, ಅಡ್ಡಡ್ಡಲಾಗಿ. ಅದಕ್ಕೇ ಹಲ್ಲುಗಳ ನಡುವೆ ಹತ್ತಿಯ ಉಂಡೆ ಕಚ್ಚಿಸಿ ಮೇಲಿನ, ಕೆಳಗಿನ ಸಾಲನ್ನು ಬೇರೆ ಮಾಡುತ್ತೇವೆ. ಗದ್ದ ಸ್ವಲ್ಪ ಎತ್ತಿಸುವುದೋ ಇಳಿಸುವುದೋ ಕೂಡ ಕೆಲಸಕ್ಕೆ ಬರುತ್ತದೆ. ಕಿಲೋವೋಲ್ಟ್ ಏರಿಸಿದರೆ ಕಿರಣದ ಬಲ ಹೆಚ್ಚಿ ನೆರಳು ಇಳಿಯುತ್ತದೆ. ಮಿಲಿಆಂಪಿಯರ್ ಏರಿಸಿದರೆ ಕಿರಣಗಳ ಸಂಖ್ಯೆಯಷ್ಟೇ ಹೆಚ್ಚುತ್ತದೆ, ಕಪ್ಪು ಪಟ್ಟಿ ಹೋಗುವುದಿಲ್ಲ, ರೋಗಿಗೆ ವಿಕಿರಣ ಮಾತ್ರ ಜಾಸ್ತಿ.

ಇನ್ನು ಯಂತ್ರ ಮಾರುವವರು ಹೊಗಳುವ, ಲೋಹದ ನೆರಳು ತಗ್ಗಿಸುವ ‘ಮಾರ್’ ಸಾಫ್ಟ್‌ವೇರ್. ಅದು ಮೂಲ ಚಿತ್ರಗಳಲ್ಲಿ ಲೋಹವನ್ನು ಗುರುತಿಸಿ, ಆ ಜಾಗವನ್ನು ಅಕ್ಕಪಕ್ಕದ ಮಾಹಿತಿಯಿಂದ ಅಂದಾಜು ಮಾಡಿ ತುಂಬುತ್ತದೆ. ನೋಡಲು ಚೆಂದ. ಆದರೆ ಅಂದಾಜು ಅಂದಾಜೇ. ತೇಪೆ ಹಾಕುವಾಗ ನಿಜವಾದ ಸಣ್ಣ ಬಿರುಕನ್ನೂ ಅದು ಒರೆಸಿಬಿಡಬಹುದು. ಹಾಗಾಗಿ ಮಾರ್ ಹಾಕಿದ್ದು, ಹಾಕದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಬೇರು ಸೀಳಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ಅದನ್ನು ನಾನಂತೂ ನಂಬುವುದಿಲ್ಲ.

ಮದ್ದೂರಿನ ಆ ತಾಯಿಗೆ ಮತ್ತೊಂದು ಸ್ಕ್ಯಾನ್ ಮಾಡಿಸಲಿಲ್ಲ. ಅದೇ ಕ್ಯಾಪ್, ಅದೇ ನೆರಳು, ಏನು ಪ್ರಯೋಜನ? ಎರಡು ಕೋನಗಳಿಂದ ಸಾದಾ ಎಕ್ಸ್-ರೇ ತೆಗೆದೆವು. ವಸಡಿನ ಸುತ್ತ ಸಣ್ಣ ಕಡ್ಡಿಯಿಂದ ಅಳೆದೆವು. ಬೇರು ಸೀಳಿದ್ದರೆ ಒಂದು ಕಡೆ ಕಡ್ಡಿ ಸಾಮಾನ್ಯವಾಗಿ ಕಿರಿದಾಗಿ, ಆಳಕ್ಕೆ ಇಳಿಯುತ್ತದೆ. ಎಲ್ಲೂ ಇಳಿಯಲಿಲ್ಲ. ಅದರ ಪಕ್ಕದ ಹಲ್ಲಿಗೆ ಐಸ್ ತಾಗಿಸಿದಾಗ ಕುರ್ಚಿಯಲ್ಲೇ ಎಗರಿದರು. ಹುಳುಕು ಇದ್ದದ್ದು ಅದರಲ್ಲಿ.

ರಿಪೋರ್ಟಿನಲ್ಲಿ ‘ಲೋಹದ ನೆರಳು ಇರುವುದರಿಂದ ಈ ಬೇರಿನ ಬಿರುಕಿನ ಬಗ್ಗೆ ಸ್ಕ್ಯಾನ್ ನೋಡಿ ಹೇಳಲಾಗದು’ ಅಂತ ಬರೆದೆ. ಹೀಗೆ ಬರೆದಾಗ ಕೆಲವು ದಂತವೈದ್ಯ ಮಿತ್ರರು ‘ಇಷ್ಟು ಹೇಳೋಕೆ ಸ್ಕ್ಯಾನ್ ಬೇಕಿತ್ತೇನ್ರೀ’ ಅಂತ ರೇಗುತ್ತಾರೆ. ರೇಗಲಿ ಬಿಡಿ. ಆ ಸಾಲು ಬರೆಯುವುದನ್ನು ನಾನು ಬಿಟ್ಟಿಲ್ಲ.