ಜೊಹಾರಿ ಕಿಟಕಿ: ಎರಡು ವಾರ ನನ್ನನ್ನು ತಡೆದ ಆ ಒಂದು ಗೆರೆ

ಆಸ್ಪತ್ರೆ ಆಡಳಿತದ ಕೋರ್ಸ್‌ನಲ್ಲಿ ನಾಯಕತ್ವದ ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್. ಡ್ಯೂಟಿ ಮುಗಿಸಿ ರಾತ್ರಿ ಓದುತ್ತೇನೆ. ಈಗಷ್ಟೇ ತಲೆಗೆ ಹತ್ತಿದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಸುಲಭದ್ದು ಮೊದಲು

1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಗೋಲ್ಮನ್, ನಾಯಕರಿಗೆ ಬೇಕಾದ ಭಾವನಾತ್ಮಕ ಬುದ್ಧಿವಂತಿಕೆಯ ಬಗ್ಗೆ ಹೇಳಿದ ಐದು ಗುಣಗಳು: ತನ್ನನ್ನು ತಾನು ಅರಿತಿರುವುದು, ತನ್ನ ಮೇಲೆ ಹಿಡಿತ, ಒಳಗಿನ ಹುರುಪು, ಬೇರೆಯವರ ಮನಸ್ಸು ತಿಳಿಯುವುದು, ಜನರ ಜೊತೆ ಒಡನಾಟ. ಬಾಯಿಪಾಠ ಮಾಡಿ, ಸಾಕು.

ಕಿಟಕಿ

ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1955ರಲ್ಲಿ ಈ ಕಿಟಕಿಯನ್ನು ಕೊಟ್ಟರು. ನನ್ನ ಬಗ್ಗೆ ನನಗೆಷ್ಟು ಗೊತ್ತು, ಬೇರೆಯವರಿಗೆಷ್ಟು ಗೊತ್ತು ಅಂತ ತೋರಿಸುವ ಚಿತ್ರ ಇದು. ಜೋ, ಹ್ಯಾರಿ ಸೇರಿ ಜೊಹಾರಿ. ನಾಲ್ಕು ಮನೆಗಳು: ತೆರೆದದ್ದು, ಕುರುಡು, ಮುಚ್ಚಿಟ್ಟದ್ದು, ಯಾರಿಗೂ ತಿಳಿಯದ್ದು. ತೆರೆದ ಮನೆ ದೊಡ್ಡದಾದಷ್ಟೂ ತಂಡದಲ್ಲಿ ನಂಬಿಕೆ ಜಾಸ್ತಿ.

ನಾನು ಎಡವಿದ್ದು ಇಲ್ಲೇ. ನಾನು ಮನಸ್ಸಲ್ಲಿ ಇಟ್ಟುಕೊಳ್ಳುವವಳಲ್ಲ, ಇದ್ದದ್ದನ್ನು ಮುಖಕ್ಕೇ ಹೇಳಿಬಿಡುತ್ತೇನೆ. ಹಾಗಾದರೆ ನನ್ನ ತೆರೆದ ಮನೆ ದೊಡ್ಡದೇ ಇರಬೇಕು ಅಲ್ವಾ? ಅಲ್ಲ. ಪೆನ್ನು ಹಿಡಿದು ಬರೆದು ನೋಡಿ.

ಒಂದು ಚೌಕ ಹಾಕಿ. ನಡುವೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಉದ್ದ ಗೆರೆಯ ಎಡಕ್ಕೆ ನನಗೆ ಗೊತ್ತಿರುವುದು, ಬಲಕ್ಕೆ ನನಗೆ ಗೊತ್ತಿಲ್ಲದ್ದು. ಅಡ್ಡ ಗೆರೆಯ ಮೇಲೆ ಬೇರೆಯವರಿಗೆ ಗೊತ್ತಿರುವುದು, ಕೆಳಗೆ ಅವರಿಗೆ ಗೊತ್ತಿಲ್ಲದ್ದು. ಎಡ ಮೇಲಿನದ್ದು ತೆರೆದದ್ದು. ಬಲ ಮೇಲಿನದ್ದು ಕುರುಡು. ಎಡ ಕೆಳಗಿನದ್ದು ಮುಚ್ಚಿಟ್ಟದ್ದು. ಬಲ ಕೆಳಗಿನದ್ದು ಯಾರಿಗೂ ತಿಳಿಯದ್ದು.

ಈಗ ನಾನು ಮನಬಿಚ್ಚಿ ಹೇಳಿದೆ ಅಂದುಕೊಳ್ಳಿ. ಯಾವ ಗೆರೆ ಸರಿಯಿತು? ಅಡ್ಡ ಗೆರೆ ಮಾತ್ರ, ಕೆಳಕ್ಕೆ. ಮುಚ್ಚಿಟ್ಟ ಮನೆ ಸಣ್ಣದಾಯಿತು. ಉದ್ದ ಗೆರೆ ನಿಂತಲ್ಲೇ ನಿಂತಿತು. ಯಾಕೆಂದರೆ ನಾನು ಹೇಳಬಲ್ಲದ್ದು ನನಗೆ ಗೊತ್ತಿರುವುದನ್ನು ಮಾತ್ರ. ಬಲಗಡೆ ಇರುವುದು ನನಗೇ ಗೊತ್ತಿಲ್ಲದ್ದು, ಅದನ್ನು ನಾನು ಹೇಳುವುದು ಹೇಗೆ? ಉದ್ದ ಗೆರೆಯನ್ನು ಬಲಕ್ಕೆ ತಳ್ಳುವ ಶಕ್ತಿ ಇರುವುದು ಎದುರಿನವರ ಬಾಯಲ್ಲಿ. ಎಷ್ಟು ಪ್ರಾಮಾಣಿಕವಾಗಿ ಮಾತಾಡಿದರೂ ಕುರುಡು ಮನೆ ಒಂದು ಇಂಚೂ ಕಡಿಮೆಯಾಗುವುದಿಲ್ಲ. ಅದಕ್ಕೆ ಕೇಳಬೇಕು.

ಕೇಳುವುದು ಅಂದರೆ ನಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳುವುದೂ ಹೌದು, ಕಿವಿಗೊಡುವುದೂ ಹೌದು. ನಾನು ಮೊದಲನೆಯದನ್ನು ಮಾತ್ರ ಮಾಡುತ್ತಿದ್ದೆ. ಅದು ತಿಳಿದದ್ದು ವಾರ್ಡಿನಲ್ಲಿ.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ನೋಡಿದರೆ 14ನೇ ಬೆಡ್‌ನ ಹತ್ತು ಗಂಟೆಯ ಆ್ಯಂಟಿಬಯೋಟಿಕ್ ಹೋಗಿಯೇ ಇರಲಿಲ್ಲ. ಚಾರ್ಟಿನಲ್ಲಿ ಆ ಜಾಗ ಖಾಲಿ. ರಕ್ತನಾಳಕ್ಕೆ ಔಷಧಿ ಬಿಡುವ ನಳಿಗೆ, ಅಂದರೆ ಕ್ಯಾನುಲಾ, ಔಟ್ ಆಗಿತ್ತು. ಕೂಡಲೇ ಡಾಕ್ಟರಿಗೆ ಹೇಳಿ ಡೋಸ್ ಕೊಟ್ಟೆವು, ರೋಗಿಗೆ ತೊಂದರೆ ಆಗಲಿಲ್ಲ. ಆ ಬೆಡ್ ನೋಡುತ್ತಿದ್ದ ನರ್ಸ್, ಬಾಗಲಕೋಟೆಯಿಂದ ಬಂದು ನಾಲ್ಕು ತಿಂಗಳಾದ ಹುಡುಗಿ. “ಯಾಕೆ ಹೇಳಲಿಲ್ಲ?” ಅಂದೆ.

“ಹೇಳಾಕ ಬಂದಿದ್ದೆನ್ರಿ ಸಿಸ್ಟರ್. 14ರ ಕ್ಯಾನುಲಾ ಅನ್ನೋದ್ರಾಗ ನೀವು ‘ಗೊತ್ತಾಯ್ತು, ಮುಂದೆ ಹೇಳು’ ಅಂದ್ರಿ. ನಿಮಗ ಗೊತ್ತೈತಿ ಅಂತ ತಿಳ್ಕೊಂಡೆ.”

ನಾನು ಹಾಗೆ ಹೇಳುತ್ತೇನೆಯೇ? ಹತ್ತಿರವಿದ್ದ ಆಯಾ ಅಕ್ಕನ ಮುಖ ನೋಡಿದೆ. “ದಿನಾ ಹೇಳ್ತೀರಿ ಸಿಸ್ಟರ್” ಅಂದರು, ಮೆಲ್ಲಗೆ. ಇಡೀ ವಾರ್ಡಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಬಲ ಮೇಲಿನ ಮನೆ ಅಂದರೆ ಇದೇ.

ಎಡ್ಮಂಡ್ಸನ್

ಈ ಘಟನೆ ಆದ ಮೇಲೆ ಅಮೆರಿಕದ ಸಂಶೋಧಕಿ ಆಮಿ ಎಡ್ಮಂಡ್ಸನ್ ಅವರ ಅಧ್ಯಯನ ಸಲೀಸಾಗಿ ಅರ್ಥವಾಯಿತು. ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ವಾರ್ಡ್‌ಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿ 1996ರಲ್ಲಿ ಪ್ರಕಟಿಸಿದ್ದು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬಹುದು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು, ಅಲ್ಲಿ ವರದಿಯಾದ ತಪ್ಪುಗಳೇ ಜಾಸ್ತಿ. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಅದಕ್ಕೇ ಎಣಿಕೆಗೆ ಸಿಕ್ಕವು. ಮುಂದೆ 1999ರಲ್ಲಿ ಒಂದು ಕಾರ್ಖಾನೆ ಕಂಪನಿಯ 51 ತಂಡಗಳನ್ನು ನೋಡಿ ‘ಮಾನಸಿಕ ಸುರಕ್ಷತೆ’ಯನ್ನು ವಿವರಿಸಿದರು. ಬಾಯಿಬಿಟ್ಟರೆ ಇಲ್ಲಿ ಅವಮಾನ ಆಗುವುದಿಲ್ಲ ಅನ್ನುವ, ಇಡೀ ತಂಡದ ನಂಬಿಕೆ ಅದು. ಒಬ್ಬರ ಸ್ವಭಾವ ಅಲ್ಲ, ಕೆಲಸದಲ್ಲಿ ಸಡಿಲ ಬಿಡುವುದೂ ಅಲ್ಲ. ಪರೀಕ್ಷೆಯಲ್ಲಿ ಇದನ್ನು ಬೆರೆಸಬೇಡಿ.

ಎಸ್‌ಬಿಐ

ಸಿಚುಯೇಶನ್, ಬಿಹೇವಿಯರ್, ಇಂಪ್ಯಾಕ್ಟ್, ಅಂದರೆ ಸಂದರ್ಭ, ನಡೆ, ಪರಿಣಾಮ. ತಂಡದವರಿಗೆ ಅಭಿಪ್ರಾಯ ಹೇಳುವ ಕ್ರಮ. ನರ್ಸ್‌ಗಳು ಇದನ್ನು ಎಸ್‌ಬಿಎಆರ್ ಜೊತೆ ಗೊಂದಲ ಮಾಡಿಕೊಳ್ಳುತ್ತೇವೆ. ಅದು (ಸಂದರ್ಭ, ಹಿನ್ನೆಲೆ, ಅಂದಾಜು, ಸಲಹೆ) ರೋಗಿಯ ಸ್ಥಿತಿ ತಿಳಿಸುವುದಕ್ಕೆ, ಇದು ಜೊತೆಯವರ ಹತ್ತಿರ ಮಾತಾಡುವುದಕ್ಕೆ.

ನನ್ನ ನೆನಪಿನ ದಾರಿ ನಮ್ಮೂರ ಸಿಟಿ ಬಸ್. ಸಾಲಾಗಿ ಮೂರು ಸ್ಟಾಪ್: ಜ್ಯೋತಿ, ಹಂಪನಕಟ್ಟೆ, ಸ್ಟೇಟ್ ಬ್ಯಾಂಕ್. ಜ್ಯೋತಿಯಲ್ಲಿ ಸಂದರ್ಭ, ಹಂಪನಕಟ್ಟೆಯಲ್ಲಿ ನಡೆ, ಸ್ಟೇಟ್ ಬ್ಯಾಂಕಿನಲ್ಲಿ ಪರಿಣಾಮ. ಅಲ್ಲಿ ಇಳಿಯಲೇಬೇಕು, ಬಸ್ ಮುಂದೆ ಹೋಗುವುದಿಲ್ಲ. ‘ನಿನಗೆ ಜವಾಬ್ದಾರಿ ಇಲ್ಲ’, ‘ನಿನ್ನ ಬುದ್ಧಿಯೇ ಹೀಗೆ’ ಇವೆಲ್ಲ ಸ್ಟೇಟ್ ಬ್ಯಾಂಕ್ ದಾಟಿದ ಮಾತುಗಳು.

ನಾನು ಇದನ್ನು ಮೊದಲು ನನ್ನ ಮೇಲೇ ಬಳಸಿದೆ. ಮರುದಿನ ಹ್ಯಾಂಡೋವರ್‌ನಲ್ಲಿ ಎಲ್ಲರ ಮುಂದೆ ಹೇಳಿದೆ: “ನಿನ್ನೆ ಹತ್ತು ಗಂಟೆಗೆ ಇವಳು ಹೇಳಲು ಬಂದಳು. ನಾನು ಮಧ್ಯದಲ್ಲೇ ತಡೆದೆ. ಔಷಧಿ ನಾಲ್ಕು ಗಂಟೆ ತಡವಾಯಿತು.” ಅಷ್ಟೇ. ಕಿಟಕಿಯ ಲೆಕ್ಕದಲ್ಲಿ ಇದು ಅಡ್ಡ ಗೆರೆ ಸರಿಸಿದ್ದು. ಆದರೆ ಅದು ಸರಿದ ಮೇಲೆ ಉದ್ದ ಗೆರೆಯೂ ಅಲುಗಾಡತೊಡಗಿತು. ಅದೇ ವಾರ ಇಬ್ಬರು ತಾವಾಗಿಯೇ ಬಂದು ನನ್ನದೇ ಸಣ್ಣ ತಪ್ಪುಗಳನ್ನು ಹೇಳಿದರು.

ಮೊದಲೆಲ್ಲ ಕೊನೆಗೆ “ಏನಾದ್ರೂ ಹೇಳೋದಿದೆಯಾ?” ಅನ್ನುತ್ತಿದ್ದೆ. “ಇಲ್ಲ ಸಿಸ್ಟರ್” ಅಂತ ಉತ್ತರ ಸಿದ್ಧ ಇರುತ್ತಿತ್ತು. ಈಗ ಪ್ರಶ್ನೆ ಬದಲಿಸಿದ್ದೇನೆ: “ಇವತ್ತು ನಾನು ಯಾವ ಮಾತನ್ನು ಪೂರ್ತಿ ಕೇಳಲಿಲ್ಲ?” ಮೊದಲ ದಿನ ಯಾರೂ ಮಾತಾಡಲಿಲ್ಲ. ಎರಡನೇ ದಿನ ಬಾಗಲಕೋಟೆಯ ಹುಡುಗಿಯೇ ಅಂದಳು, “ಏಳನೇ ಬೆಡ್ಡಿಂದ್ರಿ ಸಿಸ್ಟರ್.” ಕುರ್ಚಿ ಎಳೆದು ಕೂತು, ಮೊದಲಿಂದ ಹೇಳು ಅಂದೆ.