ಕಬ್ಬಿನ ಹೊಲ ಬಿಟ್ಟವರು ಬಂದು ಸೇರಿದ ನಾಸಿನು

ಫಿಜಿಯ ರಾಜಧಾನಿ ಸುವಾದಲ್ಲಿ ಬಸ್ ನಿಲ್ದಾಣವೂ ತರಕಾರಿ ಮಾರ್ಕೆಟ್ಟೂ ಅಕ್ಕಪಕ್ಕ. ನೌಸೋರಿ ಕಡೆಗೆ ಹೋಗುವ ಬಸ್ ಅಲ್ಲೇ ಸಿಗುತ್ತದೆ. ನಾನು ಹತ್ತಿದ ಬಸ್ಸಿನ ಕಿಟಕಿಗಳಿಗೆ ಗಾಜಿರಲಿಲ್ಲ. ಮಳೆ ಶುರುವಾಗುತ್ತಲೇ ಎಲ್ಲರೂ ತಮ್ಮ ತಮ್ಮ ಪಕ್ಕದ ಟಾರ್ಪಾಲು ಇಳಿಸಿಕೊಂಡರು. ಸುವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ. ನಮ್ಮ ಕರಾವಳಿಯ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆ ಅಲ್ಲ ಇದು. ವರ್ಷಪೂರ್ತಿ ಬರುತ್ತಲೇ ಇರುತ್ತದೆ.

ಕಿಂಗ್ಸ್ ರೋಡಿನಲ್ಲಿ ಬಸ್ ಸಾಗಿದ ಹಾಗೆ ಸಮಂಬುಲಾ, ನಾಂಬುವಾ, ಲಂಗ್ಗೆರೆ, ವಾಲೆಲೆವು ಒಂದೊಂದಾಗಿ ದಾಟುತ್ತವೆ. ಆಮೇಲೆ ಬರುವ ಕೆಲವು ನಿಲ್ದಾಣಗಳಿಗೆ ದೂರವೇ ಹೆಸರು: ಎಯ್ಟ್ ಮೈಲ್, ನೈನ್ ಮೈಲ್. ಸುವಾದಿಂದ ಎಷ್ಟು ಮೈಲಿಯೋ ಅಷ್ಟೇ. ಈ ಪಟ್ಟಿಯ ಬಹುಪಾಲು ಸೇರಿ ನಾಸಿನು ಎಂಬ ಊರಾಗಿದೆ. 1999ರಲ್ಲಿ ಅದಕ್ಕೆ ಪಟ್ಟಣದ ಸ್ಥಾನ ಸಿಕ್ಕಿತು. ಇವತ್ತು ಫಿಜಿಯಲ್ಲಿ ಅತಿ ಹೆಚ್ಚು ಜನ ಇರುವ ಪಟ್ಟಣಗಳಲ್ಲಿ ಇದೂ ಒಂದು. ಪ್ರವಾಸಿಗರು ಮಾತ್ರ ಇಲ್ಲಿ ಇಳಿಯುವುದಿಲ್ಲ. ನೋಡುವುದಕ್ಕೆ ಕಡಲತೀರವಿಲ್ಲ, ಹೋಟೆಲುಗಳಿಲ್ಲ. ಇರುವುದೆಲ್ಲ ಮನೆಗಳು.

ಊರ ಹೆಸರುಗಳ ಬಗ್ಗೆ ಒಂದು ಮಾತು. ಫಿಜಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಕೆಲವು ಅಕ್ಷರಗಳನ್ನು ಒಂದು ರೀತಿ ಬರೆದು ಇನ್ನೊಂದು ರೀತಿ ಓದುತ್ತಾರೆ. 'ಬಿ' ಅಕ್ಷರ ಇದ್ದಲ್ಲಿ 'ಂಬ' ಅನ್ನಬೇಕು, 'ಡಿ' ಇದ್ದಲ್ಲಿ 'ಂಡ', 'ಕ್ಯೂ' ಇದ್ದಲ್ಲಿ 'ಂಗ್ಗ'. ಮ್ಯಾಪಿನಲ್ಲಿ 'ಲಬಾಸಾ' ಅಂತ ಕಾಣುವ ಊರು ಜನರ ಬಾಯಲ್ಲಿ ಲಂಬಾಸಾ. ಕನ್ನಡದಲ್ಲಿ ಈ ತೊಂದರೆ ಇಲ್ಲ, ಅಂದ ಹಾಗೆಯೇ ಬರೆಯಬಹುದು. ಇಲ್ಲಿ ಹಾಗೇ ಬರೆದಿದ್ದೇನೆ.

ನಾನು ಉಳಿದುಕೊಂಡ ಮನೆ ನಾಸಿನುವಿನ ಒಂದು ಇಳಿಜಾರಿನಲ್ಲಿತ್ತು. ಸಿಮೆಂಟ್ ಬ್ಲಾಕಿನ ಗೋಡೆ, ತಗಡಿನ ಮಾಡು, ಕಿಟಕಿಗೆ ಪಟ್ಟಿ ಗಾಜು, ಅದರ ಹಿಂದೆ ಕಬ್ಬಿಣದ ಸರಳು. ಅಂಗಳದ ಮೂಲೆಯಲ್ಲಿ ಬಿದಿರಿನ ಗಳಕ್ಕೆ ಹನುಮಂತನ ಕೆಂಪು ಬಾವುಟ. ಹಿತ್ತಲಿಗೆ ಹೋದರೆ ಬದನೆ, ಬೆಂಡೆ, ಮರಗೆಣಸು, ಒಂದು ಜೀಗುಜ್ಜೆ ಮರ, ಕೆಸುವಿನ ದೊಡ್ಡ ಮಡಿ. ಕೆಸುವಿನ ಗೆಡ್ಡೆಗೆ ಇಲ್ಲಿ ದಾಲೋ ಅನ್ನುತ್ತಾರೆ, ಎಲೆಗೆ ರೌರೌ. ಅಷ್ಟು ಎಲೆ ಕಂಡ ಮೇಲೆ ಪತ್ರೊಡೆ ನೆನಪಾಗದೆ ಇರುತ್ತದಾ? ಬೇಲಿಯಾಚೆಯ ಮನೆ ಲಾವು ದ್ವೀಪಗಳಿಂದ ಬಂದ ಫಿಜಿ ಮೂಲನಿವಾಸಿಗಳದ್ದು. ಅವರ ಹಿತ್ತಲಿನಲ್ಲೂ ಇದೇ ದಾಲೋ, ಇದೇ ಮರಗೆಣಸು.

ಈ ಮನೆಯವರು ಇಲ್ಲಿಯವರಲ್ಲ. ವಾನುವಾ ಲೆವು ದ್ವೀಪದ ಲಂಬಾಸಾ ಕಡೆ ಹತ್ತು ಎಕರೆಯಲ್ಲಿ ಕಬ್ಬು ಬೆಳೆಯುತ್ತಿದ್ದವರು. ಗೇಣಿಯ ಅವಧಿ ಮುಗಿಯಿತು. ಮನೆಯ ತಗಡು, ಮರ ಬಿಚ್ಚಿ ಹಡಗಿಗೆ ಹಾಕಿಕೊಂಡು ಸುವಾಕ್ಕೆ ಬಂದರು. ಇದೇ ಕತೆ ಹೇಳುವ ಮನೆಗಳು ಆ ಸುತ್ತಮುತ್ತ ಇನ್ನೂ ಎಷ್ಟೋ ಇವೆ. ಮೂರು ತಲೆಮಾರು ಉತ್ತ ನೆಲವನ್ನು ಬಿಟ್ಟು ಜನ ಹೀಗೆ ಬಂದದ್ದೇಕೆ? ಅದು ತಿಳಿಯಬೇಕಾದರೆ 1874ಕ್ಕೆ ಹೋಗಬೇಕು.

ಆ ವರ್ಷದ ಅಕ್ಟೋಬರ್ 10ರಂದು ಫಿಜಿ ಬ್ರಿಟಿಷರ ವಸಾಹತಾಯಿತು. ಅಷ್ಟರಲ್ಲೇ ಬಿಳಿಯರು ಅಲ್ಲಲ್ಲಿ ಒಳ್ಳೊಳ್ಳೆಯ ನೆಲ ಹಿಡಿದುಕೊಂಡಿದ್ದರು. ಸುವಾದ ಸುತ್ತಲಿನ ನೆಲವೂ ಅದರಲ್ಲಿ ಸೇರಿತ್ತು. ಥಾಕೊಂಬಾವು ಎಂಬ ದೊರೆಯ ಮೇಲೆ ಅಮೆರಿಕದವರು ಹೊರಿಸಿದ್ದ ಸಾಲ ತೀರಿಸುತ್ತೇವೆ ಎಂದು ಮೆಲ್ಬರ್ನಿನ ಪಾಲಿನೇಷಿಯಾ ಕಂಪನಿ 1868ರಲ್ಲಿ ಅದನ್ನು ಪಡೆದಿತ್ತು. ಸುವಾದ ಒಂದು ಹಳೆಯ ಬಡಾವಣೆಗೆ ಟೂರಾಕ್ ಎಂಬ ಮೆಲ್ಬರ್ನಿನ ಹೆಸರಿರುವುದು ಈ ನಂಟಿನಿಂದ.

1875ರಲ್ಲಿ ದಡಾರ ಬಂತು. ಆ ರೋಗವನ್ನೇ ಕಾಣದಿದ್ದ ಜನ ಸುಮಾರು 40,000 ಮಂದಿ ಸತ್ತರು. ನಾಲ್ವರಲ್ಲಿ ಒಬ್ಬರಾದರೂ ಹೋದ ಲೆಕ್ಕ. ಅದೇ ವರ್ಷ ಮೊದಲ ಖಾಯಂ ಗವರ್ನರ್ ಆಗಿ ಸರ್ ಆರ್ಥರ್ ಗಾರ್ಡನ್ ಬಂದರು. ಅವರು ಎರಡು ತೀರ್ಮಾನ ಮಾಡಿದರು. ಒಂದು, ಮೂಲನಿವಾಸಿಗಳ ನೆಲವನ್ನು ಇನ್ನು ಮಾರುವಂತಿಲ್ಲ. ಎರಡು, ಅವರನ್ನು ಹಳ್ಳಿಗಳಿಂದ ಎಬ್ಬಿಸಿ ತೋಟದ ಕೂಲಿಗೆ ದೂಡುವಂತಿಲ್ಲ. ಹಾಗಾದರೆ ತೋಟದ ಕೆಲಸಕ್ಕೆ ಯಾರು? ಗಾರ್ಡನ್ ಅದಕ್ಕೂ ಮೊದಲು ಟ್ರಿನಿಡಾಡ್ ಮತ್ತು ಮಾರಿಷಸ್‌ನಲ್ಲಿ ಗವರ್ನರ್ ಆಗಿದ್ದವರು. ಭಾರತದಿಂದ ಕೂಲಿಗಳನ್ನು ತರುವ ಏರ್ಪಾಡನ್ನು ಅಲ್ಲಿ ಕಂಡಿದ್ದರು.

1879ರ ಮೇ 14ರಂದು ಲಿಯೊನಿಡಾಸ್ ಎಂಬ ಹಡಗು ಕಲ್ಕತ್ತಾದಿಂದ ಮೊದಲ ಕೂಲಿಗಳನ್ನು ಹೊತ್ತು ಫಿಜಿ ತಲುಪಿತು. ದಾರಿಯಲ್ಲೇ ಕಾಲರಾ, ಸಿಡುಬಿಗೆ ಕೆಲವರು ತೀರಿಕೊಂಡಿದ್ದರು. 1916ರ ನವೆಂಬರ್ ತನಕ ಹಡಗುಗಳು ಬರುತ್ತಲೇ ಇದ್ದವು. ಒಟ್ಟು 60,000ಕ್ಕೂ ಹೆಚ್ಚು ಜನ ಬಂದರು. 1903ರಿಂದ ಮದ್ರಾಸ್ ಬಂದರಿನಿಂದಲೂ ಬಂದರು, ಸುಮಾರು 15,000 ಮಂದಿ. ಸುವಾದ ಹೋವೆಲ್ ರೋಡಿನ ಮಾರಿಯಮ್ಮನ ಗುಡಿಯಲ್ಲಿ ಪ್ರತಿ ವರ್ಷ ಕೆಂಡ ಹಾಯುವ ಸೇವೆ ನಡೆಸುವವರು ಇವರ ಮಕ್ಕಳು ಮೊಮ್ಮಕ್ಕಳೇ.

'ಅಗ್ರಿಮೆಂಟ್' ಎಂಬ ಪದ ಕೂಲಿಗಳ ಬಾಯಲ್ಲಿ 'ಗಿರ್ಮಿಟ್' ಆಯಿತು, ಅವರು ಗಿರ್ಮಿಟಿಯಾಗಳಾದರು. ಐದು ವರ್ಷದ ಕರಾರು. ದಿನಕ್ಕೆ ಒಂಬತ್ತು ಗಂಟೆ ಕೆಲಸ, ಶನಿವಾರ ಐದು ಗಂಟೆ. ಕೊಟ್ಟ ಕೆಲಸ ಪೂರ್ತಿ ಮುಗಿಸಿದರೆ ಗಂಡಸಿಗೆ ಒಂದು ಶಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಸಾಲು ಕೊಟ್ಟಿಗೆಗಳಲ್ಲಿ ವಾಸ. ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಒಂದೊಂದು ಕೋಣೆಯಲ್ಲಿ ಮೂರು ಮಂದಿ ಒಂಟಿ ಗಂಡಸರು ಅಥವಾ ಒಂದು ಸಂಸಾರ. ಆ ಬದುಕಿಗೆ ಅವರು ಇಟ್ಟ ಹೆಸರು ನರಕ. ಹತ್ತು ವರ್ಷ ಇದ್ದವರಿಗೆ ಊರಿಗೆ ಹೋಗಲು ಹಡಗಿನ ಟಿಕೆಟ್ ಬಿಟ್ಟಿಯಾಗಿ ಸಿಗುತ್ತಿತ್ತು. ಆದರೂ ಹೆಚ್ಚಿನವರು ಇಲ್ಲೇ ಉಳಿದರು. 1920ರ ಜನವರಿ 1ಕ್ಕೆ ಉಳಿದ ಕರಾರುಗಳೂ ರದ್ದಾದವು.

ಗಿರ್ಮಿಟ್ ಮುಗಿದ ಮೇಲೆ ಸಕ್ಕರೆ ಕಂಪನಿಗೆ ಕೂಲಿಗಳು ಸಾಕಷ್ಟು ಸಿಗದಾದರು. ಆಸ್ಟ್ರೇಲಿಯಾದ ಈ ಕಂಪನಿಯ ಹೆಸರು ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ. ಜನ ಸಿಎಸ್‌ಆರ್ ಅನ್ನುತ್ತಿದ್ದರು. 1920ರ ದಶಕದಲ್ಲಿ ಅದು ತನ್ನ ದೊಡ್ಡ ತೋಟಗಳನ್ನು ಹತ್ತು ಹನ್ನೆರಡು ಎಕರೆಯ ತುಂಡು ಮಾಡಿ ಭಾರತೀಯರಿಗೆ ಗೇಣಿಗೆ ಕೊಟ್ಟಿತು. ಇನ್ನಷ್ಟು ಜನ ಮೂಲನಿವಾಸಿಗಳ ನೆಲವನ್ನು ಗೇಣಿಗೆ ಹಿಡಿದರು. ಕೂಲಿ ರೈತನಾದ, ಆದರೆ ಒಡೆಯನಾಗಲಿಲ್ಲ. ಫಿಜಿಯ ನೆಲದಲ್ಲಿ ಶೇ. 80ಕ್ಕೂ ಹೆಚ್ಚು ಮೂಲನಿವಾಸಿಗಳದ್ದು. ಅದೂ ಒಬ್ಬೊಬ್ಬರ ಹೆಸರಿನಲ್ಲಲ್ಲ, ಮಾತಂಗ್ಗಾಲಿ ಎಂಬ ಕುಲದ ಹೆಸರಿನಲ್ಲಿ. ಅದನ್ನು ಮಾರುವ ಹಾಗಿಲ್ಲ.

'ಉಳುವವನೇ ಹೊಲದೊಡೆಯ' ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಥಟ್ಟನೆ ಅನ್ಯಾಯ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇಲ್ಲಿ ಒಡೆಯ ಜಮೀನ್ದಾರನಲ್ಲ. ಆ ನೆಲದಲ್ಲೇ ಹುಟ್ಟಿದ ಜನ, ಅವರಲ್ಲೂ ಬಡವರೇ ಜಾಸ್ತಿ. ಇದೇ ಸಾಗರದ ಹವಾಯಿಯಲ್ಲಿ ಮೂಲನಿವಾಸಿಗಳು ನೆಲ ಕಳೆದುಕೊಂಡು ತಮ್ಮ ದ್ವೀಪದಲ್ಲೇ ಅಲ್ಪಸಂಖ್ಯಾತರಾದರು. ಫಿಜಿಯಲ್ಲಿ ನೆಲ ಹಾಗೆ ಕೈಬಿಟ್ಟು ಹೋಗದೆ ಇದ್ದದ್ದಕ್ಕೆ ನೆಲ ಮಾರಬಾರದು ಎಂಬ ನಿಯಮವೇ ದೊಡ್ಡ ಕಾರಣ. ತಪ್ಪು ಇರುವುದು ಇನ್ನೊಂದು ಕಡೆ. ಸಾವಿರಾರು ಮೈಲಿಯಾಚೆಯಿಂದ ಜನರನ್ನು ತಂದ ಸರ್ಕಾರವಾಗಲಿ, ಅವರ ಬೆವರಿನಿಂದ ಲಾಭ ಮಾಡಿದ ಕಂಪನಿಯಾಗಲಿ, ಇವರು ಮುಂದೆ ಎಲ್ಲಿ ನಿಲ್ಲಬೇಕು ಎಂದು ಯೋಚಿಸಲಿಲ್ಲ.

1940ರಲ್ಲಿ ಮೂಲನಿವಾಸಿಗಳ ನಾಯಕ ರಾತು ಸರ್ ಲಾಲಾ ಸುಕುನಾ ಅವರ ಪ್ರಯತ್ನದಿಂದ ಒಂದು ಭೂ ಮಂಡಳಿ ಬಂತು. ಮೂಲನಿವಾಸಿಗಳ ನೆಲವನ್ನು ಗೇಣಿಗೆ ಕೊಡುವ ಅಧಿಕಾರ ಅದರದ್ದಾಯಿತು. ಅದಾದ ಆರು ವರ್ಷಕ್ಕೆ, 1946ರ ಜನಗಣತಿಯಲ್ಲಿ, ಭಾರತೀಯರ ಸಂಖ್ಯೆ ಮೊದಲ ಬಾರಿಗೆ ಮೂಲನಿವಾಸಿಗಳನ್ನು ಮೀರಿತು. ಅಲ್ಲಿಂದ ನೆಲದ ಮಾತೆಂದರೆ ರಾಜಕೀಯದ ಮಾತಾಯಿತು. 1970ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಅದು ಬಗೆಹರಿಯಲಿಲ್ಲ. 1976ರ ಕೃಷಿ ಗೇಣಿ ಕಾಯ್ದೆ ರೈತನಿಗೆ 30 ವರ್ಷದ ಗೇಣಿ ಕೊಟ್ಟಿತು. ಅದಕ್ಕೂ ಮುಂಚಿನ ಒಪ್ಪಂದಗಳಲ್ಲಿ ಎಷ್ಟೋ 1997ರಿಂದಲೇ ಮುಗಿಯುವಂತಿದ್ದವು.

ಈ 30 ವರ್ಷ ಎಂಬ ಅಂಕಿ ಸಣ್ಣದಲ್ಲ ಅನ್ನಿಸಬಹುದು. ರೈತನ ಕಣ್ಣಿನಿಂದ ನೋಡಿ. ಇಪ್ಪತ್ತೈದರಲ್ಲಿ ಗೇಣಿ ಹಿಡಿದವನಿಗೆ ಅವಧಿ ಮುಗಿಯುವಾಗ ಐವತ್ತೈದು. ಹೊಸ ಕೆಲಸ ಕಲಿಯುವ ವಯಸ್ಸಲ್ಲ. ಮನೆಯೂ ಅದೇ ಹೊಲದಲ್ಲಿ ಇರುತ್ತದೆ. ಗೇಣಿ ಹೋದರೆ ಮನೆಯೂ ಹೋದ ಹಾಗೆ.

ಒಡೆಯರ ಕಡೆಯಿಂದಲೂ ನೋಡಬೇಕು. ಕಾಯ್ದೆಯ ಪ್ರಕಾರ ವರ್ಷದ ಗೇಣಿ, ಸುಧಾರಣೆ ಮಾಡದ ಬರೀ ನೆಲದ ಬೆಲೆಯ ಶೇ. 6ನ್ನು ದಾಟುವಂತಿರಲಿಲ್ಲ. ಅದರಲ್ಲಿ ಮಂಡಳಿಯ ಪಾಲು, ಕುಲದ ಮುಖ್ಯಸ್ಥರ ಪಾಲು ಕಳೆದು ಉಳಿದದ್ದು ಕುಲದವರೆಲ್ಲರಿಗೂ ಹಂಚಿಕೆ. ಒಬ್ಬೊಬ್ಬರ ಕೈಗೆ ಬರುತ್ತಿದ್ದದ್ದು ತೀರಾ ಕಡಿಮೆ. ನೆಲ ನಮ್ಮದು, ಬದುಕು ಕಟ್ಟಿಕೊಂಡವರು ಬೇರೆಯವರು ಎಂಬ ಭಾವನೆ ಅವರಲ್ಲಿ ಬೆಳೆದದ್ದು ಸುಮ್ನೆ ಅಲ್ಲ. ಆ ಭಾವನೆಯನ್ನು ರಾಜಕಾರಣಿಗಳು ಬಳಸಿಕೊಂಡರು. 1987ರ ಮೇ 14ರಂದು, ಲಿಯೊನಿಡಾಸ್ ಬಂದ ಅದೇ ತಾರೀಖಿನಂದು, ಸೇನಾಧಿಕಾರಿ ಸಿತಿವೇನಿ ರಂಬುಕಾ ಸೇನೆಯ ಬಲದಿಂದ, ಭಾರತೀಯರ ಬೆಂಬಲವಿದ್ದ ಸರ್ಕಾರವನ್ನು ಉರುಳಿಸಿದರು. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ದೇಶ ಬಿಟ್ಟು ಹೋಗುವ ಭಾರತೀಯರ ಸಾಲು ಅಲ್ಲಿಂದ ಉದ್ದವಾಯಿತು. 1986ರಲ್ಲಿ ಫಿಜಿಯ ಜನರಲ್ಲಿ ಸುಮಾರು ಶೇ. 49 ಭಾರತ ಮೂಲದವರು. 2007ರ ಹೊತ್ತಿಗೆ ಅದು ಶೇ. 37ರ ಆಸುಪಾಸಿಗೆ ಇಳಿದಿತ್ತು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಕ್ಕೆ ಹೋದವರು ಓದಿದವರು, ದುಡ್ಡಿದ್ದವರು, ಅಲ್ಲಿ ನೆಂಟರಿದ್ದವರು. ಕಬ್ಬಿನ ರೈತನಿಗೆ ಆ ದಾರಿ ಇರಲಿಲ್ಲ. 1997ರಿಂದ ಒಂದೊಂದಾಗಿ ಗೇಣಿ ಮುಗಿಯತೊಡಗಿದಾಗ ಅವನಿಗೆ ಹತ್ತಿರ ಕಂಡದ್ದು ಸುವಾ–ನೌಸೋರಿ ರಸ್ತೆ. 1999ರಲ್ಲಿ ಪ್ರಧಾನಿಯಾದ ಮಹೇಂದ್ರ ಚೌಧರಿ ಗೇಣಿ ಕಳೆದುಕೊಂಡವರಿಗೆ 28,000 ಫಿಜಿ ಡಾಲರ್ ಪರಿಹಾರ ಕೊಡಲು ಹೊರಟರು. ವರ್ಷ ತುಂಬಿದ ದಿನವೇ, 2000ದ ಮೇ 19ರಂದು, ಜಾರ್ಜ್ ಸ್ಪೈಟ್ ಮತ್ತು ಬಂದೂಕುಧಾರಿಗಳು ಸಂಸತ್ತಿಗೆ ನುಗ್ಗಿ ಅವರನ್ನು ಒತ್ತೆ ಇಟ್ಟುಕೊಂಡರು. ನೌಸೋರಿಯಿಂದ ಒಳನಾಡಿಗೆ ಹೋದರೆ ಸಿಗುವ ಮುವಾನಿವೇನಿಯಲ್ಲಿ ಭಾರತೀಯ ರೈತರ ಮನೆಗಳ ಮೇಲೆ ದಾಳಿಯಾಯಿತು. ಓಡಿ ಬಂದ ಕುಟುಂಬಗಳು ಲೌತೋಕಾದ ಗಿರ್ಮಿಟ್ ಸೆಂಟರಿನಲ್ಲಿ ತಿಂಗಳುಗಟ್ಟಲೆ ಉಳಿದವು. ಇತ್ತ ಗೇಣಿ ಮುಗಿದ ರೈತರು ಬಿಟ್ಟ ಕಬ್ಬಿನ ನೆಲ ಎಷ್ಟೋ ಕಡೆ ಪೊದೆ ಬೆಳೆದು ಪಾಳು ಬಿತ್ತು. ಗೇಣಿ ಬಿಡಿಸಿಕೊಂಡ ಒಡೆಯನಿಗೂ ಅದರಿಂದ ಒಳ್ಳೆಯದಾಗಲಿಲ್ಲ.

ಹಾಗಾದರೆ ನಾಸಿನುವಿನಲ್ಲಿ ನೆಲ ಎಲ್ಲಿಂದ ಸಿಕ್ಕಿತು? ಎರಡು ರೀತಿಯಲ್ಲಿ. 1955ರ ಕಾಯ್ದೆಯಿಂದ ಬಂದ ಹೌಸಿಂಗ್ ಅಥಾರಿಟಿ ವಾಲೆಲೆವು, ನಾಂಡೆರಾದಂಥ ಕಡೆ ಸೈಟು ಮಾಡಿ ಮನೆ ಕಟ್ಟಿಸಿತ್ತು. ಅಂಥ ಸೈಟಿನ ಲೀಸ್ ಸಾಮಾನ್ಯವಾಗಿ 99 ವರ್ಷ. ಹೊಲಕ್ಕೆ 30, ಮನೆಗೆ 99! ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಈ ಬಡಾವಣೆ ಅರ್ಥವಾಗುತ್ತದೆ. ಹತ್ತು ಎಕರೆಯಲ್ಲಿ ಸಿಗದ ಭರವಸೆ ಪಟ್ಟಣದ ಸಣ್ಣ ತುಂಡಿನಲ್ಲಿ ಸಿಕ್ಕಿತು.

ಅಷ್ಟು ದುಡ್ಡಿಲ್ಲದವರ ದಾರಿ ಬೇರೆ. ಅದಕ್ಕೆ ಫಿಜಿಯಲ್ಲಿ 'ವಾಕಾವಾನುವಾ' ಅನ್ನುತ್ತಾರೆ, ನೆಲದ ಸಂಪ್ರದಾಯದಂತೆ ಎಂದರ್ಥ. ಕುಲದವರನ್ನು ಕಂಡು, ಪುಡಿ ಮಾಡಿ ನೀರಿಗೆ ಕದಡಿ ಕುಡಿಯುವ ಯಂಗ್ಗೋನಾ (ಕಾವಾ) ಬೇರನ್ನು ಕಾಣಿಕೆ ಕೊಟ್ಟು, ಒಂದಿಷ್ಟು ದುಡ್ಡು ಕೊಟ್ಟು, ಬಾಯಿ ಮಾತಿನ ಒಪ್ಪಿಗೆ ಪಡೆಯುವುದು. ಕಾಗದ ಇರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಗೇಣಿಯೂ ಅಲ್ಲ. ಮಾತು ಕೊಟ್ಟ ಹಿರಿಯ ತೀರಿಕೊಂಡರೆ ಮಗ ಅದನ್ನು ನಡೆಸುತ್ತಾನೋ ಇಲ್ಲವೋ ಹೇಳಲಾಗದು. ಇಂಥ ಕಡೆಗಳಲ್ಲಿ ಜನ ಹಲಗೆ, ತಗಡಿನ ಮನೆಯನ್ನು ಹಾಗೇ ಇಟ್ಟುಕೊಳ್ಳುತ್ತಾರೆ, ಸಿಮೆಂಟ್ ಹಾಕಲು ಹೆದರುತ್ತಾರೆ. ಮತ್ತು ಇದು ಬರೀ ಭಾರತೀಯರ ಪಾಡಲ್ಲ. ಲಾವು ದ್ವೀಪದಿಂದ ಬಂದ ಮೂಲನಿವಾಸಿಗೂ ನಾಸಿನುವಿನ ನೆಲ ಬೇರೆ ಕುಲದ್ದೇ. ಊರಲ್ಲಿ ಅವನು ಒಡೆಯ, ಇಲ್ಲಿ ಅವನೂ ಕೇಳಿಕೊಂಡು ಇರಬೇಕಾದವನು. ಬೇಲಿಯ ಎರಡೂ ಕಡೆಯವರು ಒಬ್ಬರಿಗೊಬ್ಬರು ದಾಲೋ, ರೊಟ್ಟಿ ಕೊಟ್ಟು ತೆಗೆದುಕೊಂಡು ಬದುಕುವುದನ್ನು ನಾನು ಕಂಡೆ. ನೆಲದ ಬಗ್ಗೆ ಸಂಸತ್ತಿನಲ್ಲಿ ಆಗದ ಮಾತುಕತೆ ಇಂಥ ಹಿತ್ತಲುಗಳಲ್ಲಿ ದಿನವೂ ನಡೆಯುತ್ತಿದೆ.

ಆಮೇಲೆ ಕೆಲವು ಬದಲಾವಣೆಗಳಾದವು. 2010ರ ಭೂಬಳಕೆ ಆದೇಶ 99 ವರ್ಷದವರೆಗಿನ ಲೀಸ್‌ಗೆ ದಾರಿ ಮಾಡಿತು. 2023ರಲ್ಲಿ ಮತ್ತೆ ಪ್ರಧಾನಿಯಾಗಿದ್ದ ರಂಬುಕಾ, 1987ರಲ್ಲಿ ತಾವು ಮಾಡಿದ್ದಕ್ಕೆ ಮೇ 14ರಂದೇ ಜನರೆದುರು ಕ್ಷಮೆ ಕೇಳಿದರು. ಮರುದಿನ ದೇಶ ಮೊದಲ ಬಾರಿಗೆ ಗಿರ್ಮಿಟ್ ದಿನದ ರಜೆ ಆಚರಿಸಿತು.

ಹೊರಡುವ ಹಿಂದಿನ ರಾತ್ರಿ ಮನೆಯ ಹಿರಿಯರು ಪೆಟ್ಟಿಗೆಯಿಂದ ಎರಡು ಕಾಗದ ತೆಗೆದು ತೋರಿಸಿದರು. ಮೊಮ್ಮಕ್ಕಳು ಅವರನ್ನು ಆಜಾ ಅನ್ನುತ್ತಾರೆ, ಅವರ ಹೆಂಡತಿಯನ್ನು ಆಜಿ. ನಮ್ಮ ಅಜ್ಜ ಅಜ್ಜಿಗೆ ಎಷ್ಟು ಹತ್ತಿರ ನೋಡಿ. ಒಂದು ಕಾಗದ ಸುವಾದ ಪತ್ರಾಗಾರದಿಂದ ತಂದ ಎಮಿಗ್ರೇಷನ್ ಪಾಸಿನ ಪ್ರತಿ. ಅವರ ಆಜಾನ ಹೆಸರು, ತಂದೆಯ ಹೆಸರು, ಜಾತಿ, ಎತ್ತರ, ಮೈಮೇಲಿನ ಗುರುತು, ಬಸ್ತಿ ಜಿಲ್ಲೆಯ ಒಂದು ಹಳ್ಳಿ. ಇನ್ನೊಂದು ಈ ಸೈಟಿನ ಲೀಸ್ ಪತ್ರ. ಮಳೆ ಜೋರಾಗಿತ್ತು, ಮಾತು ಕೇಳಿಸುತ್ತಿರಲಿಲ್ಲ. 99 ಎಂದು ಬರೆದಿದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿ, ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟರು.