ಮಹಡಿಯಿಂದ ಮಹಡಿಗೆ ಮೆಟ್ಟಿಲು: ರೆವಿಟ್ ಪ್ಲಾನ್‌ಗಳಲ್ಲಿ ಸರಿಯಾಗಿ ಕಾಣಿಸುವುದು ಹೇಗೆ?

ಕಟ್ಟಡದ ತ್ರೀಡಿ ಮಾದರಿ ಮಾಡಿ ಅದರಿಂದ ಡ್ರಾಯಿಂಗ್ ತೆಗೆಯುವ ಸಾಫ್ಟ್‌ವೇರ್ ರೆವಿಟ್. ಅದನ್ನು ಕಲಿಯುವಾಗ ಗೋಡೆ, ಬಾಗಿಲು, ಕಿಟಕಿ ಬೇಗ ಕೈಗೆ ಹತ್ತುತ್ತವೆ. ಸತಾಯಿಸುವುದು ಮೆಟ್ಟಿಲು. ತ್ರೀಡಿಯಲ್ಲಿ ನೋಡಿದರೆ ಎಲ್ಲ ಚೆನ್ನಾಗಿರುತ್ತದೆ. ಪ್ಲಾನ್ ತೆರೆದರೆ ಒಂದು ಮಹಡಿಯಲ್ಲಿ ಅರ್ಧ ಮೆಟ್ಟಿಲು, ಇನ್ನೊಂದರಲ್ಲಿ ಏನೂ ಇಲ್ಲ, ಮತ್ತೊಂದರಲ್ಲಿ ಚುಕ್ಕಿ ಗೆರೆಗಳ ಗೋಜಲು. ಆಗ ಡೀಟೇಲ್ ಲೈನ್ ಎಳೆದು, ಮಾಸ್ಕಿಂಗ್ ರೀಜನ್ ಹಾಕಿ ಮುಚ್ಚಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾಳೆ ಮಹಡಿಯ ಎತ್ತರ ಬದಲಾದರೆ ಮೆಟ್ಟಿಲೂ ಬದಲಾಗುತ್ತದೆ, ಕೈಯಿಂದ ಎಳೆದ ಗೆರೆ ಮಾತ್ರ ಹಳೆಯ ಜಾಗದಲ್ಲೇ ಕೂತಿರುತ್ತದೆ. ಸೈಟ್‌ನಲ್ಲಿರುವವರು ನಂಬುವುದು ಆ ಗೆರೆಯನ್ನೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗ್ರೌಂಡ್, ಫಸ್ಟ್, ಸೆಕೆಂಡ್ ಫ್ಲೋರ್, ಮೇಲೆ ಟೆರೇಸ್. ಮಹಡಿಯಿಂದ ಮಹಡಿಗೆ 3000 ಮಿ.ಮೀ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಡಾಗ್‌ಲೆಗ್ ಮೆಟ್ಟಿಲು, ಅಂದರೆ ಅರ್ಧ ಹತ್ತಿ, ತಿರುಗಿ, ಪಕ್ಕದಲ್ಲೇ ಉಳಿದರ್ಧ ಹತ್ತುವಂಥದ್ದು. 150 ಮಿ.ಮೀ.ನ 20 ರೈಸರ್ (ಮೆಟ್ಟಿಲಿನ ನಿಂತ ಮುಖ), ಒಂದೊಂದು ಫ್ಲೈಟ್‌ಗೆ (ಒಂದೇ ದಿಕ್ಕಿಗೆ ಹತ್ತುವ ಸಾಲಿಗೆ) ಹತ್ತು. ಹಾಗಾಗಿ ಮಧ್ಯದ ಲ್ಯಾಂಡಿಂಗ್ (ತಿರುಗುವ ಸಮತಟ್ಟು ಜಾಗ) 1500ರ ಎತ್ತರದಲ್ಲಿ ಬರುತ್ತದೆ.

ಈಗ ಮುಖ್ಯ ವಿಷಯ. ಪ್ಲಾನ್ ಅಂದರೆ ಕಟ್ಟಡವನ್ನು ಒಂದು ಎತ್ತರದಲ್ಲಿ ಅಡ್ಡಕ್ಕೆ ಕತ್ತರಿಸಿ, ಅಲ್ಲಿಂದ ಕೆಳಗೆ ನೋಡಿದಾಗ ಕಾಣುವುದು. ರೆವಿಟ್‌ನ ಮೆಟ್ರಿಕ್ ಟೆಂಪ್ಲೇಟ್‌ನಲ್ಲಿ ಈ ಕಟ್ ಪ್ಲೇನ್ ಆ ಮಹಡಿಯ ಲೆವೆಲ್‌ನಿಂದ 1200 ಮಿ.ಮೀ. ಮೇಲಿರುತ್ತದೆ. ನಮ್ಮ ಮೆಟ್ಟಿಲಿನಲ್ಲಿ ಅದು ಎಂಟನೇ ರೈಸರ್‌ಗೆ ಬೀಳುತ್ತದೆ, ಅಂದರೆ ಮೊದಲ ಫ್ಲೈಟ್‌ನ ಕೊನೆಯ ಹತ್ತಿರ. ಇದೊಂದು ತಲೆಯಲ್ಲಿದ್ದರೆ ಯಾವ ಪ್ಲಾನ್‌ನಲ್ಲಿ ಏನು ಕಾಣಬೇಕು ಅನ್ನುವುದನ್ನು ಸಾಫ್ಟ್‌ವೇರ್ ತೆರೆಯದೆಯೇ ಹೇಳಬಹುದು.

ಗ್ರೌಂಡ್ ಫ್ಲೋರ್‌ನಲ್ಲಿ ಎಂಟು ರೈಸರ್ ಕಾಣುತ್ತವೆ, ಆಮೇಲೆ ಬ್ರೇಕ್ ಲೈನ್, ಅಂದರೆ ಮೆಟ್ಟಿಲು ಅಲ್ಲಿ ಕತ್ತರಿಸಿದೆ ಎಂದು ತೋರಿಸುವ ಗೆರೆ. ಅದರಾಚೆಗಿನದು ಕಟ್ ಪ್ಲೇನ್‌ಗಿಂತ ಮೇಲಿದೆ. ಅದನ್ನು ಚುಕ್ಕಿ ಗೆರೆಯಲ್ಲಿ ತೋರಿಸಬಹುದು, ಬಿಡಲೂಬಹುದು. ಬಾಣ ಒಂದೇ, ಮೇಲಕ್ಕೆ.

ಫಸ್ಟ್ ಫ್ಲೋರ್ ಪ್ಲಾನನ್ನು ನಿಧಾನವಾಗಿ ನೋಡಿ, ಹೆಚ್ಚು ಜನ ಎಡವುವುದು ಇಲ್ಲೇ. ಮೇಲಕ್ಕೆ ಹೋಗುವ ಫ್ಲೈಟ್‌ನ ಎಂಟು ರೈಸರ್ ಕಾಣುತ್ತವೆ, ಅಲ್ಲಿ ಬ್ರೇಕ್ ಲೈನ್. ಆದರೆ ಆಚೆಗಿನ ಜಾಗ ಖಾಲಿ ಇರುವುದಿಲ್ಲ. ಕೆಳಗಿನ ಮಹಡಿಯಿಂದ ಹತ್ತಿ ಬಂದ ಮೆಟ್ಟಿಲು ಅದೇ ಜಾಗದಲ್ಲಿದೆ, ಅಲ್ವಾ? ಹಾಗಾಗಿ ಬ್ರೇಕ್ ಲೈನ್‌ನ ಆಚೆ ಆ ಕೆಳಗಿನ ಫ್ಲೈಟ್‌ನ ಕೊನೆಯ ಮೆಟ್ಟಿಲುಗಳು ಕಾಣಬೇಕು. ಅದರ ನಂತರ ಕೆಳಗಿನ ಲ್ಯಾಂಡಿಂಗ್. ಪಕ್ಕದಲ್ಲಿ ಲ್ಯಾಂಡಿಂಗ್‌ನಿಂದ ಫಸ್ಟ್ ಫ್ಲೋರ್‌ಗೆ ಬರುವ ಫ್ಲೈಟ್ ಪೂರ್ತಿ ಕಾಣಬೇಕು, ಏಕೆಂದರೆ ಅದರ ನೇರ ಮೇಲಿರುವ ಫ್ಲೈಟ್ ಶುರುವಾಗುವುದೇ 1500ರಿಂದ. ಬಾಣ ಎರಡು: ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಸೆಕೆಂಡ್ ಫ್ಲೋರ್ ಕೂಡ ಹೀಗೆಯೇ. ಟೆರೇಸ್‌ನಲ್ಲಿ, ಹೆಡ್‌ರೂಮ್ (ಮೆಟ್ಟಿಲಿನ ಮೇಲೆ ಕಟ್ಟುವ ಚಿಕ್ಕ ಕೋಣೆ) ಒಳಗೆ, ಮೆಟ್ಟಿಲು ಪೂರ್ತಿ ಕಾಣುತ್ತದೆ. ಬ್ರೇಕ್ ಲೈನ್ ಇಲ್ಲ, ಕೆಳಕ್ಕೆ ಹೋಗುವ ಬಾಣ ಮಾತ್ರ.

ಫಸ್ಟ್ ಫ್ಲೋರ್‌ನಲ್ಲಿ ಕೆಳಗಿನ ಮೆಟ್ಟಿಲು ಕಾಣದಿದ್ದರೆ ವ್ಯೂ ರೇಂಜ್ (ಪ್ಲಾನ್ ಯಾವ ಎತ್ತರದಿಂದ ಎಲ್ಲಿಯವರೆಗೆ ತೋರಿಸಬೇಕು ಅನ್ನುವ ಸೆಟ್ಟಿಂಗ್) ತೆರೆಯುವ ಮೊದಲು ಸ್ಲ್ಯಾಬ್ ನೋಡಿ. ಮೆಟ್ಟಿಲು ಹಾಕಿದ ಮಾತ್ರಕ್ಕೆ ರೆವಿಟ್ ಸ್ಲ್ಯಾಬ್‌ನಲ್ಲಿ ತೂತು ಮಾಡುವುದಿಲ್ಲ. ಮೇಲಿರುವ ಸ್ಲ್ಯಾಬ್ ಕೆಳಗಿನದನ್ನು ಮುಚ್ಚುತ್ತದೆ, ಅಷ್ಟೇ. ಓಪನಿಂಗ್ ಪ್ಯಾನೆಲ್‌ನಲ್ಲಿರುವ ಶಾಫ್ಟ್ ಟೂಲ್ ಬಳಸಿದರೆ ಎಲ್ಲ ಮಹಡಿಗಳಿಗೂ ಒಂದೇ ಸಲಕ್ಕೆ ಕತ್ತರಿಸಬಹುದು. ಅದರ ಕೆಳ ತುದಿ ಗ್ರೌಂಡ್ ಫ್ಲೋರ್ ಸ್ಲ್ಯಾಬ್‌ಗೆ ತಾಗದಂತೆ ಸ್ವಲ್ಪ ಮೇಲೆ ಇಡಿ. ಮೇಲ್ತುದಿ ಟೆರೇಸ್ ಸ್ಲ್ಯಾಬ್ ದಾಟಬೇಕು, ಹೆಡ್‌ರೂಮ್‌ನ ಸ್ಲ್ಯಾಬ್ ಮುಟ್ಟಬಾರದು.

ಮುಂದಿನದು ಟಾಯ್ಲೆಟ್ ವೆಂಟಿಲೇಟರ್. ಮೆಟ್ಟಿಲಿಗೂ ಅದಕ್ಕೂ ಏನು ಸಂಬಂಧ ಅನ್ನಿಸಬಹುದು. ವೆಂಟಿಲೇಟರ್ ಎತ್ತರದಲ್ಲಿರುವುದರಿಂದ 1200ರ ಕಟ್‌ಗೆ ಸಿಗುವುದಿಲ್ಲ, ಪ್ಲಾನ್‌ನಲ್ಲಿ ಕಾಣುವುದಿಲ್ಲ. ಅದನ್ನು ಕಾಣಿಸಲು ಇಡೀ ವ್ಯೂನ ಕಟ್ ಪ್ಲೇನನ್ನು 2100ಕ್ಕೆ ಏರಿಸುವವರು ತುಂಬಾ ಜನ. ವೆಂಟಿಲೇಟರ್ ಬಂತು, ಮೆಟ್ಟಿಲು ಕೆಟ್ಟಿತು. 2100 ಅಂದರೆ ಹದಿನಾಲ್ಕನೇ ರೈಸರ್. ಈಗ ಮೊದಲ ಫ್ಲೈಟ್ ಪೂರ್ತಿ, ಲ್ಯಾಂಡಿಂಗ್ ಪೂರ್ತಿ, ಎರಡನೇ ಫ್ಲೈಟ್‌ನಲ್ಲೂ ನಾಲ್ಕು ರೈಸರ್ ಕಾಣುತ್ತವೆ. ಫಸ್ಟ್ ಫ್ಲೋರ್‌ನಲ್ಲಿ ಕೆಳಗಿನ ಮೆಟ್ಟಿಲು ಬಹುಪಾಲು ಮರೆಯಾಗುತ್ತದೆ. ಕಟ್ ಪ್ಲೇನನ್ನು 1200ರಲ್ಲೇ ಬಿಡಿ. ವೆಂಟಿಲೇಟರ್ ಸುತ್ತ ಒಂದು ಪ್ಲಾನ್ ರೀಜನ್ ಎಳೆದು, ಅಷ್ಟು ಜಾಗಕ್ಕೆ ಮಾತ್ರ ಎತ್ತರದ ಕಟ್ ಕೊಡಿ.

ವ್ಯೂ ರೇಂಜ್ ಬಗ್ಗೆ ಇನ್ನೊಂದು ಮಾತು. ಅದರ ಕೆಳ ಮಿತಿಯಾದ ಬಾಟಮ್ ಸೊನ್ನೆಯಲ್ಲಿದ್ದರೂ ಪ್ಲಿಂತ್ (ಮನೆಯ ನೆಲಗಟ್ಟು) ಕೆಳಗಿನ ಹೊರಗಡೆ ಮೆಟ್ಟಿಲು ಗ್ರೌಂಡ್ ಫ್ಲೋರ್ ಪ್ಲಾನ್‌ನಲ್ಲಿ ಕಾಣುತ್ತದೆ. ಫ್ಲೋರ್, ಮೆಟ್ಟಿಲು, ರ‍್ಯಾಂಪ್‌ಗಳಿಗೆ ರೆವಿಟ್ ಬಾಟಮ್‌ನಿಂದ ಇನ್ನೂ 4 ಅಡಿ, ಅಂದರೆ ಸುಮಾರು 1.22 ಮೀಟರ್ ಕೆಳಗಿನವರೆಗೆ ವಿನಾಯಿತಿ ಕೊಡುತ್ತದೆ. ಪ್ಲಿಂತ್ 450 ಇದ್ದರೂ 600 ಇದ್ದರೂ ಅದರೊಳಗೇ ಬರುತ್ತದೆ.

ಚುಕ್ಕಿ ಗೆರೆಗಳು ಬೇಡವಾದರೆ ವಿಸಿಬಿಲಿಟಿ ಗ್ರಾಫಿಕ್ಸ್ ತೆರೆಯಿರಿ. ಸ್ಟೇರ್ಸ್ ಕೆಳಗೆ ‘ಅಬೋವ್’ ಅಂತ ಶುರುವಾಗುವ ಸಾಲುಗಳಿವೆ: ಔಟ್‌ಲೈನ್, ರೈಸರ್ ಲೈನ್, ನೋಸಿಂಗ್, ಸಪೋರ್ಟ್, ಕಟ್ ಮಾರ್ಕ್. ಕಟ್ ಪ್ಲೇನ್‌ಗಿಂತ ಮೇಲಿನ ಗೆರೆಗಳೆಲ್ಲ ಇವುಗಳ ಕೈಯಲ್ಲಿವೆ. ಇವನ್ನು ತೆಗೆದ ಮೇಲೂ ಬ್ರೇಕ್ ಲೈನ್‌ನ ಆಚೆ ಎರಡು ಗೆರೆ ಸುಮ್ನೆ ನೇತಾಡುತ್ತಿದ್ದರೆ ಅದು ರೇಲಿಂಗ್. ರೇಲಿಂಗ್ಸ್ ಬೇರೆಯೇ ಕೆಟಗರಿ. ಅದರಲ್ಲೂ ‘ಅಬೋವ್’ ಸಾಲುಗಳಿವೆ, ಅಲ್ಲೂ ಟಿಕ್ ತೆಗೆಯಬೇಕು. ಬ್ರೇಕ್ ಲೈನ್‌ನ ಕೋನ, ಒಂದು ಗೆರೆಯೋ ಎರಡೋ ಅನ್ನುವುದು ಮೆಟ್ಟಿಲಿನ ಕಟ್ ಮಾರ್ಕ್ ಟೈಪ್‌ನಲ್ಲಿದೆ.

ಬಾಣ ಅನೋಟೇಶನ್. ಅಳಿಸಿಹೋಗಿದ್ದರೆ ಅನೋಟೇಟ್ ಟ್ಯಾಬ್‌ನ ಸ್ಟೇರ್ ಪಾತ್‌ನಿಂದ ಮತ್ತೆ ಹಾಕಿ. ಯಾವಾಗಲೂ ಹತ್ತುವ ದಿಕ್ಕಿಗೇ ಬಾಣ ಇರಬೇಕಾದರೆ ‘ಫಿಕ್ಸ್ಡ್ ಅಪ್’ ಟೈಪ್. ಮೇಲಕ್ಕೊಂದು ಕೆಳಕ್ಕೊಂದು ಬೇಕಾದರೆ ‘ಆಟೋಮ್ಯಾಟಿಕ್’. ಒಂದು ಡ್ರಾಯಿಂಗ್ ಸೆಟ್‌ನಲ್ಲಿ ಎರಡನ್ನೂ ಬೆರೆಸಬೇಡಿ.

ಮಹಡಿಗೊಂದು ಮೆಟ್ಟಿಲು ಕಾಪಿ ಮಾಡುವ ಬದಲು ಮಲ್ಟಿಸ್ಟೋರಿ ಮಾಡಿಕೊಳ್ಳುವುದು ಒಳ್ಳೆಯದು. 2018ರ ಆವೃತ್ತಿಯಿಂದ ಎಲಿವೇಶನ್ ಅಥವಾ ಸೆಕ್ಷನ್‌ನಲ್ಲಿ ಲೆವೆಲ್‌ಗಳನ್ನು ಆರಿಸಿದರೆ ಸಾಕು, ಮೆಟ್ಟಿಲು ಮೇಲಿನವರೆಗೂ ಹೋಗುತ್ತದೆ. ಒಂದೇ ಎತ್ತರದ ಮಹಡಿಗಳು ಒಂದು ಗುಂಪಾಗಿರುತ್ತವೆ, ಒಂದರಲ್ಲಿ ತಿದ್ದಿದರೆ ಎಲ್ಲದರಲ್ಲೂ ತಿದ್ದಿದಂತೆ.

ಎತ್ತರ ಬೇರೆಯಾದ ಕಡೆ ಮತ್ತೊಮ್ಮೆ ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ತುಂಬಾ ಮನೆಗಳಿಗೆ ಕೆಳಗೆ ಪಾರ್ಕಿಂಗ್ ಇರುತ್ತದೆ. ಆ ಮಹಡಿ 2400 ಅಂದುಕೊಳ್ಳಿ. ಅದೇ 150ರ ರೈಸರ್ ಆದರೆ 16, ಫ್ಲೈಟ್‌ಗೆ ಎಂಟು, ಲ್ಯಾಂಡಿಂಗ್ ಸರಿಯಾಗಿ 1200ರಲ್ಲಿ. ಅಂದರೆ ಕಟ್ ಪ್ಲೇನ್ ಲ್ಯಾಂಡಿಂಗ್ ಮೇಲೇ ಕೂರುತ್ತದೆ, ಫ್ಲೈಟ್ ನಡುವೆ ಬ್ರೇಕ್ ಲೈನ್ ಬರಲು ಜಾಗವೇ ಇರುವುದಿಲ್ಲ. ಪಾರ್ಕಿಂಗ್ ಪ್ಲಾನ್ ಒಂದಕ್ಕೆ ಮಾತ್ರ ಕಟ್ ಪ್ಲೇನನ್ನು 1000ಕ್ಕೆ ಇಳಿಸಿ. ವ್ಯೂ ರೇಂಜ್ ಬದಲಾಯಿಸಲು ಬಿಡದಿದ್ದರೆ ಆ ವ್ಯೂಗೆ ವ್ಯೂ ಟೆಂಪ್ಲೇಟ್ (ಹಲವು ವ್ಯೂಗಳಿಗೆ ಒಂದೇ ಸೆಟ್ಟಿಂಗ್ ಕೊಡುವ ಮಾದರಿ) ಹಾಕಿರುತ್ತಾರೆ. ಟೆಂಪ್ಲೇಟನ್ನು ಡೂಪ್ಲಿಕೇಟ್ ಮಾಡಿ ಪಾರ್ಕಿಂಗ್‌ಗೆ ಪ್ರತ್ಯೇಕವಾಗಿ ಕೊಡಿ. ಮೂಲ ಟೆಂಪ್ಲೇಟನ್ನೇ ತಿದ್ದಿದರೆ ಮೇಲಿನ ಮಹಡಿಗಳ ಬ್ರೇಕ್ ಲೈನ್‌ಗಳೂ ಜಾಗ ಬದಲಿಸುತ್ತವೆ.